ಒಬ್ಬರ ಸೀಟಿನ ಗಾಡಿ

ಬಸ್ ಡಿಪೋದ ಹಿಂದಿನ ಬೀದಿಯಲ್ಲಿ, ಪಂಕ್ಚರ್ ಅಂಗಡಿಗೂ ಬ್ಯಾಟರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಸಣ್ಣ ಮಳಿಗೆಯಲ್ಲಿ ಕೂತು ಸೀಟಕ್ಕ ಗಾಡಿಗಳ ಸೀಟು ಹೊಲಿಯುತ್ತಿದ್ದಳು. ವಯಸ್ಸು ಐವತ್ತರ ಹತ್ತಿರ ಬಂದಿತ್ತು. ಅವಳಿಗಿಂತ ಹಿರಿಯರೂ ಅವಳನ್ನು ಸೀಟಕ್ಕ ಎಂದೇ ಕರೆಯುತ್ತಿದ್ದರು. ಆ ಬೀದಿಯಲ್ಲಿ ಅಕ್ಕ ಎನ್ನುವುದು ವಯಸ್ಸಿಗೆ ಸಲ್ಲುವ ಮಾತಲ್ಲ, ಕೈಕೆಲಸಕ್ಕೆ ಸಲ್ಲುವ ಮರ್ಯಾದೆ. ಮಳಿಗೆಯ ತುಂಬ ಅಂಟಿನ ವಾಸನೆ. ಒಂದು ಗೋಡೆಗೆ ರೆಕ್ಸಿನ್ ಸುರುಳಿಗಳು, ಇನ್ನೊಂದಕ್ಕೆ ಸ್ಪಂಜಿನ ಹಾಳೆಗಳು, ನಡುವೆ ದಪ್ಪ ಸೂಜಿಯ ಹೊಲಿಗೆ ಯಂತ್ರ. ಹರಿದ ಸೀಟು ಬೆಳಿಗ್ಗೆ ಬಂದರೆ ಸಂಜೆಯ ಹೊತ್ತಿಗೆ ಹೊಸ ಮದುಮಗಳ ಹಾಗೆ ಮಿರಮಿರ ಮಿಂಚುತ್ತ ಹೊರಗೆ ಹೋಗುತ್ತಿತ್ತು.

ಸೀಟು ನೋಡಿದರೆ ಸಾಕು, ಅದರ ಯಜಮಾನನ ಅರ್ಧ ಕತೆ ಅವಳಿಗೆ ತಿಳಿದುಬಿಡುತ್ತಿತ್ತು. ಮುಂದೆ ಮಾತ್ರ ಗುಳಿ ಬಿದ್ದಿದ್ದರೆ ಒಂಟಿ ಜೀವ. ಹಿಂದಿನ ತುದಿ ಕಿತ್ತುಹೋಗಿದ್ದರೆ ಸಾಮಾನು ಹೇರುವವನು. ಒಂದೇ ಪಕ್ಕ ಸವೆದಿದ್ದರೆ ಸೊಂಟನೋವಿನವನು. ಇಷ್ಟೆಲ್ಲ ಗೊತ್ತಿದ್ದರೂ ಒಂದು ಗಾಡಿಯ ಹ್ಯಾಂಡಲ್ಲನ್ನು ಅವಳು ಜನ್ಮದಲ್ಲಿ ಹಿಡಿದವಳಲ್ಲ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಕೂತಳು, ಆಮೇಲೆ ಅಣ್ಣನ ಹಿಂದೆ, ಮದುವೆಯಾದ ಮೇಲೆ ಗಂಡನ ಹಿಂದೆ. ಗಂಡ ಸಿಟಿ ಬಸ್ಸಿನ ಡ್ರೈವರು. ಎಂದೋ ಒಮ್ಮೆ ಸ್ಕೂಟರ್ ಕಲಿಯಲೇ ಎಂದು ಕೇಳಿದ್ದಕ್ಕೆ, ಮನೆಗೊಬ್ಬ ಡ್ರೈವರ್ ಸಾಕು ಎಂದು ನಕ್ಕಿದ್ದ. ಅವಳೂ ನಕ್ಕು ಸುಮ್ಮನಾಗಿದ್ದಳು. ಆ ಮಾತು ಅಲ್ಲಿಗೇ ಮುಗಿಯಿತು ಎಂದು ಅವನು ಅಂದುಕೊಂಡಿದ್ದ.

ಹೀಗಿರುವಾಗ ಒಂದು ದಿನ ಆಟೋದವನೊಬ್ಬ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ಸೀಟೊಂದನ್ನು ತಂದಿಳಿಸಿದ. ಬಿಚ್ಚಿ ನೋಡಿದರೆ ಈಗಿನ ಕಾಲದ ಉದ್ದನೆಯ ಸೀಟಲ್ಲ. ಒಬ್ಬರೇ ಕೂರುವಂಥ, ಕೆಳಗೆ ಎರಡು ದೊಡ್ಡ ಸ್ಪ್ರಿಂಗುಗಳಿದ್ದ, ಅಪ್ಪಟ ಚರ್ಮದ ಸೀಟು. ಚರ್ಮ ಬಿರಿದು, ಹೊಲಿಗೆ ಬಿಟ್ಟು, ನಡುವೆ ಒಂದು ಕೈ ತೂರುವಷ್ಟು ತೂತು. ಕಳಿಸಿದವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ ಒಬ್ಬ ಅಜ್ಜ. ರೆಕ್ಸಿನ್ ಹಾಕುವುದಾದರೆ ಹೊಲಿಯುವುದೇ ಬೇಡ, ಹಾಗೇ ವಾಪಸು ಕಳಿಸಿ ಎಂದು ಹೇಳಿ ಕಳಿಸಿದ್ದರು. ಆ ಮಾತಿಗೇ ಸೀಟಕ್ಕನಿಗೆ ಒಂದು ಥರ ಖುಷಿಯಾಯಿತು. ಯಂತ್ರ ಬದಿಗಿಟ್ಟು, ಚರ್ಮ ನೆನೆಸಿ ಅಚ್ಚಿಗೆ ಎಳೆದು, ಮೇಣ ಹಚ್ಚಿದ ದಾರ ಹಿಡಿದು ಎರಡು ಸೂಜಿಯಲ್ಲಿ ಕೈಹೊಲಿಗೆ ಹಾಕಿದಳು. ಬೇರೆ ಗಿರಾಕಿಗಳು ಗೊಣಗಿದರು. ಗೊಣಗಲಿ ಎಂದು ಬಿಟ್ಟಳು.

ಸೀಟು ಕೂರಿಸುವುದಕ್ಕೂ ತಾನೇ ಹೋದಳು. ಸ್ಪ್ರಿಂಗು ಸೊಟ್ಟಗೆ ಕೂತರೆ ಅಷ್ಟು ದಿನದ ಕೆಲಸ ನೀರಿನಲ್ಲಿ ಹೋಮವಾದೀತು ಎಂಬುದು ಅವಳ ಭಯ. ದೊಡ್ಡ ರಸ್ತೆಯಿಂದ ಒಂದು ಓಣಿ ಕೆಳಕ್ಕೆ ಇಳಿದು, ನಡುವೆ ಮೊಣಕೈ ಮಡಿಸಿದ ಹಾಗೆ ತಿರುಗಿ, ಒಂದು ಮನೆಯ ಅಂಗಳಕ್ಕೆ ಬಂದು ಮುಗಿಯುತ್ತಿತ್ತು. ಅಂಗಳದ ಮೂಲೆಯಲ್ಲಿ ತಗಡಿನ ಮಾಡು. ಅದರ ಕೆಳಗೆ ಆ ಮೋಟರ್ ಸೈಕಲ್ಲು ನಿಂತಿತ್ತು: ಕಪ್ಪು ಬಣ್ಣ, ಕುಂಬಳಕಾಯಿಯಂಥ ದುಂಡು ಟ್ಯಾಂಕು, ಅದರ ಮೇಲೆ ಮಾಸಿದ ಹೊನ್ನಿನ ಗೆರೆ. ಎದುರಿಗೆ ಕುರ್ಚಿಯಲ್ಲಿ ಅಜ್ಜ, ಪಕ್ಕದಲ್ಲಿ ನಾಲ್ಕು ಕಾಲಿನ ಊರುಗೋಲು. ಸೊಂಟದ ಮೂಳೆ ಮುರಿದು ಕೂಡಿತ್ತು, ಆದರೆ ಕಾಲು ಮೊದಲಿನ ಹಾಗೆ ಮೇಲೇಳುತ್ತಿರಲಿಲ್ಲ.

ನಟ್ಟು ಬಿಗಿ ಮಾಡಿ ಆದ ಮೇಲೆ ಅಜ್ಜ ಹೆಂಡತಿಯನ್ನು ಕರೆದು ಒಮ್ಮೆ ಕೂತು ನೋಡು ಎಂದರು. ಅಜ್ಜಿ, ಅದರ ಸಹವಾಸವೇ ಬೇಡ ಎಂದು ಒಳಗೆ ಹೋದರು. ಆಗ ಅಜ್ಜ, ಹೊಲಿದವರೇ ಕೂತು ನೋಡಬೇಕು ಅಲ್ಲವೇ ಎಂದರು. ಸೀಟಕ್ಕ ಕಾಲೆತ್ತಿ ಹಾಕಿ ಕೂತಳು. ಸ್ಪ್ರಿಂಗು ಅವಳ ಭಾರಕ್ಕೆ ಸಣ್ಣಗೆ ಮಣಿದು ನಿಂತಿತು. ಎರಡು ಕೈಯೂ ತಾವಾಗಿಯೇ ಹ್ಯಾಂಡಲ್ಲಿಗೆ ಹೋದವು. ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಒಂದು ದುಂಡನೆಯ ದೀಪ, ಅದರಾಚೆ ಅಂಗಳ, ಅಂಗಳದಾಚೆ ಓಣಿ. ಇಷ್ಟೇ. ಆದರೂ ಅವಳಿಗೆ ಕೆಳಗಿಳಿಯಲು ಮನಸ್ಸಾಗಲಿಲ್ಲ.

"ಇದನ್ನ ಮಾರ್ತೀರಾ?" ಎಂದು ಕೇಳಿದಳು.

ಮಾರುವುದಕ್ಕೆಂದೇ ಸೀಟು ಸರಿಮಾಡಿಸಿದ್ದು ಎಂದರು ಅಜ್ಜ. ದೊಡ್ಡ ರಸ್ತೆಯ ಹೊಸ ಹೋಟೆಲಿನ ಮ್ಯಾನೇಜರು ಬಂದು ನೋಡಿಕೊಂಡು ಹೋಗಿದ್ದಾರೆ, ತಿಂಗಳ ಕೊನೆಗೆ ಉತ್ತರ ಕೊಡಬೇಕು. ನಿಮ್ಮ ಯಜಮಾನರಿಗೆ ಬೇಕಿತ್ತೇನು ಎಂದು ಕೇಳಿದರು.

"ನನಗೇ ಬೇಕು."

"ಓಡಿಸೋಕೆ ಬರುತ್ತಾ?"

"ಇಲ್ಲ."

"ಬೇರೆ ಯಾವುದಾದ್ರೂ ಗಾಡಿ?"

"ಯಾವುದೂ ಬರಲ್ಲ. ಕಲೀತೀನಿ."

ಅಜ್ಜ ನಗಲಿಲ್ಲ. ಅದೇ ಅವಳಿಗೆ ಧೈರ್ಯ ಕೊಟ್ಟಿತು. ಅವರು ತಮ್ಮ ಷರತ್ತು ಹೇಳಿದರು. ಬೆಲೆ ಆಕೆಗೆ ಆಗುವಷ್ಟೇ ಆಗಲಿ, ಅದಕ್ಕೆ ಚೌಕಾಸಿ ಇಲ್ಲ. ಆದರೆ ಗಾಡಿ ಈ ಅಂಗಳದಿಂದ ಟೆಂಪೋದಲ್ಲಿ ಹೋಗಕೂಡದು, ತಳ್ಳಿಕೊಂಡೂ ಹೋಗಕೂಡದು. ಅವಳೇ ಕಿಕ್ ಹೊಡೆದು, ಅವಳೇ ಓಡಿಸಿ ಓಣಿ ಹತ್ತಿಸಬೇಕು. ತಿಂಗಳ ಕೊನೆಯೊಳಗೆ ಹತ್ತಿಸಿದರೆ ಗಾಡಿ ಅವಳದು. ಇಲ್ಲದಿದ್ದರೆ ಹೋಟೆಲಿನದು. ತಾನು ಕಲಿಸುವುದೇನಿದ್ದರೂ ಬಾಯಿಂದ ಮಾತ್ರ, ಕುರ್ಚಿ ಬಿಟ್ಟು ಎದ್ದು ಬರಲು ಆಗುವುದಿಲ್ಲ.

ಅವಳು ಒಪ್ಪಿದಳು. ಅದೇ ವಾರ ರಸ್ತೆ ಚಿಹ್ನೆಗಳ ಪರೀಕ್ಷೆ ಬರೆದು ಕಲಿಯುವವರ ಲೈಸೆನ್ಸನ್ನೂ ಮಾಡಿಸಿಕೊಂಡಳು.

ಮನೆಯಲ್ಲಿ ವಿಷಯ ತಿಳಿದಾಗ ಗಂಡ ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವನು ಊಟ ಮುಗಿಸಿ ಕೈ ತೊಳೆದು, ರಸ್ತೆಯಲ್ಲಿ ಅಷ್ಟು ವರ್ಷ ಏನೇನು ಕಂಡಿದ್ದೇನೆ ಎಂಬುದನ್ನು ಒಂದೊಂದಾಗಿ ಹೇಳತೊಡಗಿದ. ಯಾವ ತಿರುವಿನಲ್ಲಿ ಯಾರು ಬಿದ್ದರು, ಯಾವ ಲಾರಿ ಯಾರ ಮೇಲೆ ಹೋಯಿತು, ಯಾರ ಚಪ್ಪಲಿ ಎಲ್ಲಿ ಸಿಕ್ಕಿತು. ಬಸ್ಸಿನಲ್ಲಿ ಕೂತವನಿಗೆ ಕನ್ನಡಿಯಲ್ಲಿ ಕಾಣುವುದೆಲ್ಲ ಇದೇ, ಅದರಲ್ಲಿ ನಿನ್ನನ್ನೂ ನೋಡಬೇಕೇ ಎಂದು ಕೇಳಿದ. ಅವನದು ಗಂಡಸಿನ ಜಂಬ ಎಂದು ತಿಳಿದು ಜಗಳಕ್ಕೆ ಟೊಂಕ ಕಟ್ಟಿಕೊಂಡಿದ್ದ ಸೀಟಕ್ಕನಿಗೆ, ಅದು ಬರೀ ಹೆದರಿಕೆ ಎಂದು ಗೊತ್ತಾದಾಗ ಜಗಳದ ಹುರುಪೇ ಇಳಿದುಹೋಯಿತು. ಆದರೂ ಮನಸ್ಸು ಬದಲಾಗಲಿಲ್ಲ. ಮರುದಿನ ಅವನ ಹಳೆಯ ಯೂನಿಫಾರ್ಮಿನ ಖಾಕಿ ಪ್ಯಾಂಟೊಂದನ್ನು ತೆಗೆದುಕೊಂಡು ತನ್ನ ಅಳತೆಗೆ ಕಿರಿದು ಮಾಡಿ ಹೊಲಿದುಕೊಂಡಳು.

ಆ ಗಾಡಿಯನ್ನು ಓಡಿಸುವುದಿರಲಿ, ಎಬ್ಬಿಸುವುದೇ ಒಂದು ವಿದ್ಯೆ. ಗುಂಡಿ ಒತ್ತಿದರೆ ಗುರ್ ಎನ್ನುವ ಜಾತಿಯಲ್ಲ ಅದು. ಮೊದಲು ಪೆಟ್ರೋಲು ಬಿಡಬೇಕು. ಆಮೇಲೆ ಕಿಕ್ಕನ್ನು ಮೆಲ್ಲಗೆ ತುಳಿಯುತ್ತ ಇಂಜಿನ್ನಿನ ಒಳಗೆ ಬಿಗಿಯಾಗುವ ಜಾಗ ಯಾವುದು ಎಂದು ಪಾದದಲ್ಲೇ ಹುಡುಕಬೇಕು. ಅಲ್ಲಿ ಎಡಗೈ ಕೆಳಗಿನ ಪುಟ್ಟ ಹಿಡಿ ಒತ್ತಿ, ಆ ಬಿಗಿಯನ್ನು ಒಂದು ಕೂದಲೆಳೆ ದಾಟಿಸಿ, ಹಿಡಿ ಬಿಟ್ಟು, ಆಮೇಲೆ ಮೈಭಾರವನ್ನೆಲ್ಲ ಬಲಗಾಲಿಗೆ ಹಾಕಿ ಒಂದೇ ಸಲ ಇಳಿಸಬೇಕು. ಒಂದಿಷ್ಟು ಹೆಚ್ಚುಕಮ್ಮಿಯಾದರೆ ಕಿಕ್ಕು ಹಿಂದಕ್ಕೆ ಚಿಮ್ಮಿ ಮೊಣಕಾಲಿನ ಕೆಳಗೆ ಬಡಿಯುತ್ತದೆ.

ಅವಳಿಗೆ ಬಡಿಯಿತು. ಮೊದಲ ದಿನವೇ ಬಡಿಯಿತು, ಎರಡನೆಯ ದಿನ ಅದೇ ಜಾಗಕ್ಕೆ ಬಡಿಯಿತು. ನೋವಿಗೆ ಕಣ್ಣು ಕತ್ತಲಿಟ್ಟು ನೆಲದಲ್ಲಿ ಕೂತುಬಿಟ್ಟಳು. ಅಜ್ಜ ಕುರ್ಚಿಯಲ್ಲಿ ಕೂತು, ಕಾಲಿಗೆ ಸಿಟ್ಟು ತರಬೇಡ ಮಗಳೇ, ಅದಕ್ಕೆ ಸಿಟ್ಟು ಗೊತ್ತಾಗುತ್ತದೆ ಎನ್ನುತ್ತಿದ್ದರು. ಅಜ್ಜಿ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ತಂದು ಅವಳ ಕಾಲಿಗಿಟ್ಟರು. ಇಡುತ್ತಲೇ, ತಗ್ಗಿದ ದನಿಯಲ್ಲಿ, ಬಿಟ್ಟುಬಿಡು ತಾಯಿ ಎಂದರು. ಅಜ್ಜ ಸೊಂಟ ಮುರಿದುಕೊಂಡದ್ದು ಕಂಬದಿಂದ ಬಿದ್ದಲ್ಲ, ನಿಂತಿದ್ದ ಈ ಗಾಡಿಯ ಮೇಲೆ ಕಾಲು ಹಾಕಲು ಹೋಗಿ ಎಂದು ಆಗ ತಿಳಿಯಿತು. ಜೀವಮಾನವೆಲ್ಲ ಕರೆಂಟಿನ ಜತೆ ಸರಸವಾಡಿದ ಮನುಷ್ಯನನ್ನು ಈ ಕಬ್ಬಿಣದ ಮುದ್ದೆ ಕೆಡವಿತು. ಇದು ಕಣ್ಣೆದುರಿಗೆ ಇರುವ ತನಕ ಇವರು ಮತ್ತೆ ಹತ್ತಲು ನೋಡುವವರೇ. ಹೋಟೆಲಿನವರೋ ಗುಜರಿಯವರೋ, ಯಾರಾದರೂ ಹೊತ್ತುಕೊಂಡು ಹೋದರೆ ತಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ ಎಂದರು ಅಜ್ಜಿ.

"ನಾನೂ ಹೊತ್ಕೊಂಡು ಹೋಗೋಕೇ ಬಂದಿರೋದು ಅಜ್ಜಿ," ಎಂದಳು ಸೀಟಕ್ಕ. "ಸ್ವಲ್ಪ ನಿಧಾನ ಆಗ್ತಿದೆ, ಅಷ್ಟೆ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಅವಳು ಬರುವ ಹೊತ್ತಿಗೆ ಬಿಸಿನೀರು ಸಿದ್ಧವಿರುತ್ತಿತ್ತು.

ಸೀಟಕ್ಕ ದಿನವೂ ಮಳಿಗೆ ತೆರೆಯುವ ಮುಂಚೆ ಬಂದು ಕಿಕ್ಕು ತುಳಿದಳು. ಕಾಲಿಗೆ ಸ್ಪಂಜಿನ ಪಟ್ಟಿ ಹೊಲಿದು ಕಟ್ಟಿಕೊಂಡಳು. ಒಂದು ಬೆಳಿಗ್ಗೆ, ಬಿಗಿಯ ಜಾಗ ಹುಡುಕಿದ್ದೂ ಹಿಡಿ ಒತ್ತಿದ್ದೂ ಅವಳಿಗೆ ನೆನಪೇ ಇಲ್ಲ, ಕಾಲು ತಾನಾಗಿ ಕೆಳಗಿಳಿಯಿತು. ಗಾಡಿ ಒಮ್ಮೆ ಕೆಮ್ಮಿ, ಎದ್ದುಬಿಟ್ಟಿತು. ಡುಗ್, ಡುಗ್, ಡುಗ್ ಎಂದು ತಗಡಿನ ಮಾಡೆಲ್ಲ ನಡುಗಿತು. ಅಜ್ಜಿ ಬಾಗಿಲಿಗೆ ಬಂದು ನಿಂತರು. ಅಜ್ಜ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಆಮೇಲೆ ಕಣ್ಣು ತೆರೆದು, ಈಗ ಆಫ್ ಮಾಡಿ ಮತ್ತೆ ಎಬ್ಬಿಸು ಎಂದರು. ಅವಳು ಮತ್ತೆ ಎಬ್ಬಿಸಿದಳು.

ಅಲ್ಲಿಂದ ಅಂಗಳದ ಸುತ್ತು ಶುರುವಾಯಿತು. ಕ್ಲಚ್ಚು ಬಿಡುವಾಗ ಗಾಡಿ ಕುಪ್ಪಳಿಸಿ ನಿಲ್ಲುತ್ತಿತ್ತು. ನಿಧಾನ, ಇನ್ನೂ ನಿಧಾನ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡು ಎಂದು ಅಜ್ಜ ಕುರ್ಚಿಯಿಂದ ಹೇಳುತ್ತಿದ್ದರು. ಒಂದು ಸುತ್ತು ಬಂತು, ಆಮೇಲೆ ನಾಲ್ಕು ಬಂತು. ಐದನೆಯದರಲ್ಲಿ ಒಣಹಾಕಿದ್ದ ಬಟ್ಟೆಯ ತಂತಿಗೆ ಹೆದರಿ ಬಗ್ಗಿ, ಹ್ಯಾಂಡಲ್ಲು ತಿರುಗಿ, ಗಾಡಿ ಸಮೇತ ಹೂಕುಂಡಗಳ ಸಾಲಿನ ಮೇಲೆ ಬಿದ್ದಳು. ಕುಂಡ ಒಡೆದ ಸದ್ದು, ಅಜ್ಜಿಯ ಕೂಗು. ಎಡ ಮೊಣಕೈ ಚರ್ಮ ಸುಲಿದು ನೆತ್ತರು ಬರುತ್ತಿತ್ತು. ಅಜ್ಜ ಎದ್ದೇಳಲು ಹೋಗಿ ಆಗದೆ ಮತ್ತೆ ಕುರ್ಚಿಗೇ ಕುಸಿದರು. ಅವರ ಮುಖ ನೋಡಿ ಅವಳಿಗೆ ತನ್ನ ನೋವು ಮರೆತುಹೋಯಿತು.

"ಏಳಿಸೋದು ಹೇಗೆ ಹೇಳಿ," ಎಂದಳು.

ಅಜ್ಜ ಹೇಳಿದರು. ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಸೀಟಿನ ಕೆಳಗೆ ಹಾಕಿ, ತೋಳಿನ ಬಲ ಬಿಟ್ಟು ತೊಡೆಯ ಬಲದಲ್ಲಿ ಹಿಂದಕ್ಕೆ ನಡೆದಳು. ತನಗಿಂತ ಮೂರು ಪಟ್ಟು ಭಾರದ ಗಾಡಿ ಇಷ್ಟಿಷ್ಟೇ ಮೇಲೆದ್ದು ನೆಟ್ಟಗೆ ನಿಂತಿತು. ಬಿದ್ದದ್ದಕ್ಕಿಂತ ಎಬ್ಬಿಸಿದ್ದೇ ಅವಳಿಗೆ ದೊಡ್ಡದಾಗಿ ಕಂಡಿತು.

ಮೊಣಕೈಯ ಪಟ್ಟಿ ಗಂಡನ ಕಣ್ಣಿಗೆ ಬೀಳದಿರಲಿಲ್ಲ. ರಜೆಯ ದಿನ ಅವನೂ ಜೊತೆಗೆ ಹೊರಟ. ಆ ಹಳೇ ಡಬ್ಬವನ್ನು ತಾನೇ ಓಡಿಸಿ ನೋಡಿ, ರಸ್ತೆಗೆ ಲಾಯಕ್ಕಲ್ಲ ಎಂದು ಎಲ್ಲರ ಮುಂದೆ ಹೇಳಿ, ಈ ಹುಚ್ಚಿಗೆ ಮಂಗಳ ಹಾಡಬೇಕೆಂದು ಅವನ ಲೆಕ್ಕ. ಅಜ್ಜನಿಗೆ ಮರ್ಯಾದೆಯಿಂದ ನಮಸ್ಕಾರ ಮಾಡಿದ. ಅವಳು ಗಾಡಿ ಎಬ್ಬಿಸಿ ಕೊಟ್ಟಳು. ಅದಕ್ಕೇ ಅವನ ಹುಬ್ಬು ಮೇಲೇರಿತು. ಹತ್ತಿ ಕೂತ. ಜೀವಮಾನದ ಅಭ್ಯಾಸದಂತೆ ಎಡಗಾಲಿನಿಂದ ಗೇರು ಒತ್ತಿದ. ಗಾಡಿ ಕದಲಲಿಲ್ಲ, ಏಕೆಂದರೆ ಆ ಕಾಲದ ಗಾಡಿಗೆ ಎಡಗಾಲಿನ ಕೆಳಗಿರುವುದು ಬ್ರೇಕು, ಗೇರಿರುವುದು ಬಲಗಾಲಿಗೆ. ಅಜ್ಜ ಅದನ್ನು ತಿಳಿಸಿ ಹೇಳಿದರು. ಅವನು ತಲೆಯಾಡಿಸಿ ಹೊರಟ, ಅಂಗಳದ ತುದಿಗೆ ಹೋದ, ನಿಲ್ಲಿಸಲು ಬಲಗಾಲು ಒತ್ತಿದ. ಬ್ರೇಕಿನ ಬದಲು ಗೇರು ಬಿತ್ತು. ಗೋಡೆ ಒಂದು ಗೇಣು ಉಳಿದಿದ್ದಾಗ ಇಂಜಿನ್ನೇ ದಯೆ ತೋರಿಸಿ ಸತ್ತುಹೋಯಿತು. ಅವನು ಬಿಡಲಿಲ್ಲ, ಮತ್ತೆರಡು ಸಲ ನೋಡಿದ. ಅಷ್ಟು ವರ್ಷ ಕಾಲಿಗೆ ಅಂಟಿದ್ದ ರೂಢಿ ಎರಡೂ ಸಲ ಅವನನ್ನು ಗೋಡೆಯ ಹತ್ತಿರಕ್ಕೇ ಕರೆದುಕೊಂಡು ಹೋಯಿತು.

ಇಳಿದು, ಬೆವರು ಒರೆಸಿಕೊಂಡು, ಅಂಗಳ ಇಳಿಜಾರಾಗಿದೆ ಎಂದ. ಬಾಗಿಲಲ್ಲಿ ನಿಂತಿದ್ದ ಅಜ್ಜಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಒಳಗೆ ಹೋದರು.

"ಇದು ಉಲ್ಟಾ ಗಾಡಿ ಕಣೇ," ಎಂದ ಗಂಡ.

"ಇರಬಹುದು. ಸೀದಾ ಯಾವುದು ಅಂತ ನನಗೆ ಗೊತ್ತೇ ಇಲ್ವಲ್ಲ ರೀ," ಎಂದು ಅವಳು ಹತ್ತಿ ಕೂತಳು. ಅಂಗಳವನ್ನು ಸುತ್ತಿದಳು, ನಿಲ್ಲಿಸಿದಳು, ಹೊರಟಳು, ಎಂಟರ ಆಕಾರದಲ್ಲಿ ತಿರುಗಿಸಿದಳು. ಬೇರೆ ಯಾವ ಗಾಡಿಯನ್ನೂ ಕಲಿಯದಿದ್ದ ಅವಳ ಕಾಲುಗಳಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ. ಗಂಡ ಕೈಕಟ್ಟಿ ನಿಂತು ನೋಡಿದ. ಮರುದಿನ ಅವಳು ಹೊರಡುವ ಹೊತ್ತಿಗೆ ತನ್ನ ಹೆಲ್ಮೆಟ್ಟನ್ನು ತಂದು ಅವಳ ತಲೆಗಿಟ್ಟು, ಗಲ್ಲದ ಕೆಳಗೆ ಪಟ್ಟಿ ಬಿಗಿದ.

"ತಲೆ ಗಟ್ಟಿ ಅಂತ ಗೊತ್ತು. ಆದ್ರೂ ಇರಲಿ," ಎಂದ.

ಇನ್ನು ಉಳಿದಿದ್ದದ್ದು ಓಣಿ. ಏರಿನಲ್ಲಿ, ಅದೂ ಆ ಮೊಣಕೈ ತಿರುವಿನಲ್ಲಿ, ಗಾಡಿ ನಿಂತುಬಿಟ್ಟರೆ ಏನು ಮಾಡಬೇಕು ಎಂದು ಅವಳು ಅಜ್ಜನನ್ನು ದಿನವೂ ಕೇಳುತ್ತಿದ್ದಳು. ನಿಲ್ಲಿಸಬೇಡ, ಅದೇ ಉತ್ತರ ಎನ್ನುತ್ತಿದ್ದರು ಅವರು. ತಿಂಗಳು ಮುಗಿಯಲು ಇನ್ನೂ ಸಮಯವಿದೆ, ಅಂಗಳದಲ್ಲೇ ಇನ್ನಷ್ಟು ಕೈ ಕೂರಲಿ ಎಂದು ಇಬ್ಬರೂ ಅಂದುಕೊಂಡಿದ್ದರು.

ಆದರೆ ಹೋಟೆಲಿನವರು ಅಷ್ಟು ಕಾಯಲಿಲ್ಲ. ಒಂದು ಬೆಳಿಗ್ಗೆ ಅವಳು ಅಂಗಳಕ್ಕೆ ಬಂದಾಗ, ಓಣಿಯ ಬಾಯಲ್ಲಿ ಟೆಂಪೋ ನಿಂತಿತ್ತು; ಕೆಳಗೆ ಮ್ಯಾನೇಜರು ಇಬ್ಬರು ಆಳುಗಳ ಸಮೇತ ಅಜ್ಜನ ಮುಂದೆ ಕೂತಿದ್ದರು. ಒಳ್ಳೆಯ ಮಾತಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಗೋಡೆ ಬೇಗ ಸಿದ್ಧವಾಯಿತು, ಉದ್ಘಾಟನೆ ಹತ್ತಿರ ಬಂತು, ಹಾಗಾಗಿ ಈಗಲೇ ಒಯ್ಯುತ್ತೇವೆ ಎಂದು ವಿನಯವಾಗಿಯೇ ಹೇಳಿದರು. ಗೋಡೆ ಯಾಕೆ ಎಂದು ಅಜ್ಜ ಕೇಳಿದರು. ಸ್ವಾಗತದ ಮೇಜಿನ ಹಿಂದೆ, ಎಲ್ಲರಿಗೂ ಕಾಣುವ ಹಾಗೆ ಎತ್ತರದಲ್ಲಿ ತೂಗುಹಾಕುತ್ತೇವೆ, ಭಾರ ತಡೆಯುವುದಿಲ್ಲವಾದ್ದರಿಂದ ಇಂಜಿನ್ನಿನ ಒಳಗಿನದೆಲ್ಲ ತೆಗೆಸಿಬಿಡುತ್ತೇವೆ, ಹೊರಗಿನಿಂದ ನೋಡಿದರೆ ಒಂಚೂರೂ ಗೊತ್ತಾಗುವುದಿಲ್ಲ ಎಂದು ಅವರು ಸಂತೋಷದಿಂದ ವಿವರಿಸಿದರು.

ಅಜ್ಜ ಹೆಂಡತಿಯ ಕಡೆ ನೋಡಿದರು. ಗಾಡಿ ತೊಲಗಲಿ ಎಂದು ಹರಕೆ ಹೊತ್ತವರಂತಿದ್ದವರು ಅವರೇ. ಅವರು ಹೂಂ ಎಂದರೆ ಈ ಕ್ಷಣವೇ ತೊಲಗುತ್ತಿತ್ತು. ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸೀಟಕ್ಕನನ್ನು ನೋಡಿದರು, ಅವಳ ಕಾಲಿನ ಸ್ಪಂಜಿನ ಪಟ್ಟಿಯನ್ನು ನೋಡಿದರು.

"ಇವಳಿಗೆ ಮಾತು ಕೊಟ್ಟಿದೀವಿ," ಎಂದರು ಮ್ಯಾನೇಜರಿಗೆ. "ಇವತ್ತು ಇವಳು ಹತ್ತಿಸಿದ್ರೆ ಇವಳದು. ಇಲ್ಲಾಂದ್ರೆ ನೀವು ಒಯ್ಯಿರಿ. ಅಲ್ಲೀವರೆಗೂ ಯಾರೂ ಕೈ ಹಾಕಬೇಡಿ."

ಇವತ್ತೇ ಎಂದು ಸೀಟಕ್ಕ ಅಂದುಕೊಂಡಿರಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಗಿದಳು. ಮೊದಲ ಕಿಕ್ಕು ಸುಮ್ಮನೆ ಕೆಳಗಿಳಿಯಿತು. ಎರಡನೆಯದು ಹಿಂದಕ್ಕೆ ಚಿಮ್ಮಿತು, ಪಟ್ಟಿಯಿದ್ದದ್ದರಿಂದ ಕಾಲುಳಿಯಿತು. ಆಳುಗಳಲ್ಲೊಬ್ಬ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದು ಅವಳಿಗೆ ಕಾಣಿಸಿತು. ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಿದೆ ಎಂದು ಗೊತ್ತಾದ ಕೂಡಲೇ ಅವಳು ಕಾಲು ತೆಗೆದು, ಕೆಳಗಿಳಿದು, ಗಾಡಿಯ ಸುತ್ತ ಒಂದು ಸಲ ನಡೆದು ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಮತ್ತೆ ಹತ್ತಿ, ಬಿಗಿಯ ಜಾಗ ಹುಡುಕಿ, ಹಿಡಿ ಒತ್ತಿ ಬಿಟ್ಟು, ಇಳಿಸಿದಳು. ಗಾಡಿ ಎದ್ದಿತು.

ಅಂಗಳ ದಾಟಿ ಓಣಿಗೆ ಬಿದ್ದಾಗ ಗೋಡೆಗಳೆರಡೂ ಹತ್ತಿರ ಬಂದು ಸದ್ದನ್ನು ಇಮ್ಮಡಿ ಮಾಡಿದವು. ಏರು ಶುರುವಾಯಿತು. ತಿರುವು ಬಂತು. ಅವಳು ಹ್ಯಾಂಡಲ್ಲು ತಿರುಗಿಸಿದಳು, ಗಾಡಿ ವಾಲಿತು, ವಾಲಿದ್ದಕ್ಕೆ ಹೆದರಿ ಆಕ್ಸಿಲರೇಟರು ಸಡಿಲಿಸಿದಳು. ಅಷ್ಟೇ ಸಾಕಾಯಿತು. ಇಂಜಿನ್ನು ಒಮ್ಮೆ ಬಿಕ್ಕಿ ನಿಂತುಹೋಯಿತು.

ಬಲಗೈ ಮುಂದಿನ ಬ್ರೇಕನ್ನು ಹಿಸುಕಿ ಹಿಡಿದಿತ್ತು; ಬಿಟ್ಟರೆ ಗಾಡಿ ಹಿಂದಕ್ಕೆ. ಎರಡು ಕಾಲನ್ನೂ ನೆಲಕ್ಕೆ ಒತ್ತಿ ಹಿಡಿದಳು. ಸದ್ದು ನಿಂತದ್ದು ಕೇಳಿ ಆಳುಗಳಿಬ್ಬರೂ ಕೆಳಗಿನಿಂದ ಓಡಿಬಂದರು. ಒಬ್ಬ, ಬಿಡಿ ಅಮ್ಮಾ ನಾವು ಇಳಿಸುತ್ತೇವೆ ಎಂದು ಹ್ಯಾಂಡಲ್ಲಿಗೆ ಕೈ ಚಾಚಿದ. ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ, ಕನಿಕರವೇ ಇತ್ತು.

"ಮುಟ್ಟಬೇಡಪ್ಪ," ಎಂದಳು. "ದಾರಿ ಬಿಡು, ಸಾಕು."

ಅಜ್ಜ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಅವಳೇ ಹುಡುಕಬೇಕಿತ್ತು. ತಿರುವಿನ ಒಳಮೂಲೆಯಲ್ಲಿ ಗೋಡೆ ದಪ್ಪ ಕಲ್ಲಿನದು. ಬ್ರೇಕನ್ನು ಕೂದಲೆಳೆಯಷ್ಟು ಸಡಿಲಿಸುತ್ತ, ಹಿಡಿಯುತ್ತ, ಗಾಡಿಯನ್ನು ಇಂಚಿಂಚಾಗಿ ಅಡ್ಡಕ್ಕೆ ತಿರುಗಿಸಿ ಹಿಂದಿನ ಚಕ್ರವನ್ನು ಆ ಕಲ್ಲಿಗೆ ಆನಿಸಿದಳು. ಈಗ ಗಾಡಿ ಎಲ್ಲಿಗೂ ಹೋಗುವಂತಿಲ್ಲ. ಬಲಗಾಲಿನಿಂದ ಗೇರನ್ನು ಮೆಲ್ಲಗೆ ತಡಕಿ ನ್ಯೂಟ್ರಲ್ಲಿಗೆ ತಂದಳು. ಉಸಿರು ಬಿಟ್ಟಳು. ಎಡಗಾಲೂರಿ ಎದ್ದು ನಿಂತು, ಹೊಲಿಗೆ ಹಾಕುವಾಗ ಸೂಜಿಯ ತುದಿ ಚರ್ಮದ ಕೆಳಗೆ ತೂತು ಹುಡುಕುವ ಹಾಗೆ ಪಾದದಲ್ಲಿ ಆ ಬಿಗಿಯನ್ನು ಹುಡುಕಿದಳು. ಸಿಕ್ಕಿತು. ಇಳಿಸಿದಳು.

ಕಾದಿದ್ದ ಇಂಜಿನ್ನು ಒಂದೇ ಏಟಿಗೆ ಎದ್ದಿತು. ಮೊದಲ ಗೇರು ಹಾಕಿ ಕ್ಲಚ್ಚು ಬಿಟ್ಟಳು, ಈ ಸಲ ಆಕ್ಸಿಲರೇಟರು ಸಡಿಲಿಸಲಿಲ್ಲ. ಗಾಡಿ ವಾಲಿತು, ವಾಲಲಿ ಎಂದು ಬಿಟ್ಟಳು. ತಿರುವು ಬಿಚ್ಚಿಕೊಂಡಿತು, ಮೇಲೆ ಬೆಳಕು, ಟೆಂಪೋದ ಪಕ್ಕದಲ್ಲಿ ಒಂದು ಗಾಡಿ ಹಿಡಿಸುವಷ್ಟು ಸಂದು. ಸಂದಿನಿಂದ ನುಸುಳಿ ದೊಡ್ಡ ರಸ್ತೆಗೆ ಬಿದ್ದಳು.

ಅಲ್ಲಿ ನಿಲ್ಲಿಸಿ ವಾಪಸು ಬರಬೇಕು ಎಂಬುದು ಅವಳ ಯೋಜನೆ. ಆದರೆ ದೊಡ್ಡ ರಸ್ತೆಯಲ್ಲಿ ಹೇಗೆ ತಿರುಗಿಸುವುದು ಎಂಬುದನ್ನು ಯಾರೂ ಕಲಿಸಿರಲಿಲ್ಲ. ಹಿಂದೆ ಮುಂದೆ ಗಾಡಿಗಳು. ಆದದ್ದಾಗಲಿ ಎಂದು ಎಡಬದಿ ಹಿಡಿದು ನೇರ ಹೋದಳು. ಎರಡನೇ ಗೇರು ಹಾಕಿದಳು. ಸ್ವಲ್ಪ ದೂರ ಹೋದ ಮೇಲೆ ಧೈರ್ಯ ಮಾಡಿ ಮೂರನೆಯದೂ ಹಾಕಿದಳು. ಗಾಳಿ ಅಂಗಿಯ ತೋಳಿಗೆ ಹೊಕ್ಕಿತು. ಹಾಲಿನ ಬೂತು, ಶಾಲೆ, ಪೆಟ್ರೋಲ್ ಬಂಕು ಎಲ್ಲ ದಿನಾ ನೋಡಿದವೇ. ಆದರೆ ಅವು ಪಕ್ಕದಿಂದ ಹಿಂದೆ ಸರಿಯುತ್ತಿರಲಿಲ್ಲ, ಎದುರಿನಿಂದ ಅವಳ ಬಳಿಗೇ ಬರುತ್ತಿದ್ದವು. ಬಂಕಿನ ಅಗಲವಾದ ಅಂಗಳ ಕಂಡಾಗ ಅಲ್ಲಿ ಒಳಗೆ ಹೊಕ್ಕು, ಒಂದು ಸುತ್ತು ಹಾಕಿ, ಅದೇ ದಾರಿ ಹಿಡಿದು ಮರಳಿದಳು.

ಅಜ್ಜ ಕುರ್ಚಿಯಲ್ಲಿರಲಿಲ್ಲ. ಊರುಗೋಲು ಹಿಡಿದು, ಅಜ್ಜಿಯ ಭುಜಕ್ಕೆ ಕೈಕೊಟ್ಟು, ಅಂಗಳದ ಬಾಗಿಲ ತನಕ ಬಂದು ನಿಂತಿದ್ದರು. ಸದ್ದು ನಿಂತಾಗ ಇವರು ಉಸಿರೇ ಬಿಡಲಿಲ್ಲ ಎಂದು ಅಜ್ಜಿ ಆಮೇಲೆ ಹೇಳಿದರು. ಮ್ಯಾನೇಜರು ಒಳ್ಳೆಯ ಮನುಷ್ಯನೇ. ಟೆಂಪೋ ಖಾಲಿ ಹೋದದ್ದಕ್ಕೆ ಮುಖ ಸಣ್ಣಗಾಗಿದ್ದರೂ, ಅವಳಿಗೆ ಕೈಮುಗಿದು ಹೋದರು. ಅಜ್ಜ ಅವಳನ್ನು ಹೊಗಳಲಿಲ್ಲ, ಹರಸಲಿಲ್ಲ. ಟ್ಯಾಂಕಿನ ಮೇಲೆ ಕೈಯಿಟ್ಟು, ಅದರ ಬಿಸಿಯನ್ನು ನೋಡಿ, "ಮೂರನೇ ಗೇರ್ ಹಾಕಿದ್ಯಾ?" ಎಂದು ಕೇಳಿದರು. ಹಾಕಿದೆ ಎಂದಳು. ಅಲ್ಲಿ ಸದ್ದು ತೆಳ್ಳಗಾಗುತ್ತದೆ ಅಲ್ಲವೇ ಎಂದರು. ಹೌದು, ತೆಳ್ಳಗಾಯಿತು ಎಂದಳು. ಅವರು ತಲೆಯಾಡಿಸಿದರು. ಅಜ್ಜಿ ಒಳಗಿನಿಂದ ಬಿಸಿನೀರು ತರಲು ಹೋದವರು, ಇವತ್ತು ಯಾರ ಕಾಲಿಗೆ ಎಂದು ತಮ್ಮಷ್ಟಕ್ಕೆ ನಕ್ಕು, ಅದಕ್ಕೆ ಟೀ ಸೊಪ್ಪು ಹಾಕಿ ತಂದರು.

ಆ ಸಂಜೆ ಗಂಡ ಡ್ಯೂಟಿ ಮುಗಿಸಿ ತಡವಾಗಿ ಬಂದ. ಶೂ ಬಿಚ್ಚುತ್ತ, ಇವತ್ತು ಬೆಳಗಿನ ಟ್ರಿಪ್ಪೇ ಲೇಟಾಯಿತು, ಅಲ್ಲಿಂದ ದಿನವೆಲ್ಲ ಲೇಟು ಎಂದ. ಯಾಕೆ ಎಂದು ಅವಳು ಕೇಳಿದಳು.

"ಮುಂದೆ ಯಾವುದೋ ಹಳೇ ಗಾಡಿ ಮೆಲ್ಲಗೆ ಹೋಗ್ತಿತ್ತು. ಪ್ಯಾಸೆಂಜರ್‌ಗಳೆಲ್ಲ ಹಾರ್ನ್ ಹೊಡಿರಿ, ಹೊಡಿರಿ ಅಂತ ಕೂಗಿದ್ರು," ಎಂದ. ಸ್ವಲ್ಪ ತಡೆದು, "ನಾನು ಹೊಡೀಲಿಲ್ಲ," ಎಂದ.

ಬಸ್ಸಿನಷ್ಟು ದೊಡ್ಡದು ತನ್ನ ಬೆನ್ನ ಹಿಂದೆ ಬಂದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಅದಕ್ಕೆ ಅವಳು ನಕ್ಕಳು, ಅವನು ನಗಲಿಲ್ಲ. ಕನ್ನಡಿ ಹಾಕಿಸು, ಎರಡೂ ಕಡೆ ಎಂದ. ಮಾರನೆಯ ದಿನ ತಾನೇ ಹೋಗಿ ಕನ್ನಡಿ ತಂದು ಕೂರಿಸಿದ.

ಲೈಸೆನ್ಸಿನ ಪರೀಕ್ಷೆಯಲ್ಲಿ ಅವಳು ಮೊದಲ ಸಲ ಫೇಲಾದಳು. ಎಂಟರ ಆಕಾರ ಸುತ್ತುವಾಗ ಕಾಲು ನೆಲಕ್ಕೆ ತಾಗಿತು. ಇನ್ಸ್‌ಪೆಕ್ಟರು, ಅಮ್ಮಾ ಈ ವಯಸ್ಸಿನಲ್ಲಿ ಇಂಥ ಗಾಡಿ ಯಾಕೆ, ಹಗುರವಾದ ಒಂದು ಸ್ಕೂಟರ್ ತನ್ನಿ, ಪಾಸಾಗುತ್ತೀರಿ ಎಂದು ಒಳ್ಳೆಯ ಮಾತಿನಲ್ಲಿ ಹೇಳಿದರು. ಆಗಲಿ ಸಾರ್ ಎಂದಳು. ಮುಂದಿನ ಸಲ ಅದೇ ಗಾಡಿ ತೆಗೆದುಕೊಂಡು ಹೋದಳು, ಪಾಸಾಗಿ ಬಂದಳು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮಳಿಗೆಯ ಶಟರು ಅರ್ಧ ಎಳೆದು, ಚರ್ಮದ ಸಂತೆ ನಡೆಯುವ ಪಕ್ಕದ ಊರಿಗೆ ಅವಳು ಒಬ್ಬಳೇ ಹೊರಟಳು. ಈವರೆಗೆ ಚರ್ಮವನ್ನು ಬೇರೆಯವರ ಕೈಲಿ ತರಿಸುತ್ತಿದ್ದಳು, ಅವರು ತಂದುಕೊಟ್ಟಿದ್ದನ್ನೇ ಚೆನ್ನ ಎನ್ನಬೇಕಿತ್ತು. ಇನ್ನು ಮುಂದೆ ತಾನೇ ಮುಟ್ಟಿ, ಮಡಿಸಿ, ಮೂಸಿ ನೋಡಿ ತರಬಹುದು. ಅರ್ಧ ದಾರಿಯಲ್ಲಿ ಒಂದು ಸೇತುವೆ ಸಿಕ್ಕಿತು. ಇಂಜಿನ್ನಿಗೆ ಸ್ವಲ್ಪ ಆರಲು ಬಿಟ್ಟು, ಕಟ್ಟೆಯ ಮೇಲೆ ಕೂತು ನೀರು ಕುಡಿದಳು. ಕೆಳಗೆ ಹೊಳೆ ಕೆಂಪಗೆ ಹರಿಯುತ್ತಿತ್ತು. ಬಿಸಿ ಕಬ್ಬಿಣ ಟಿಕ್ ಟಿಕ್ ಎಂದು ತಣಿಯುತ್ತಿತ್ತು. ಇಲ್ಲಿ ಸಾಕು, ಹೋಗೋಣ ಎನ್ನುವವರು ಯಾರೂ ಇರಲಿಲ್ಲವಾದ್ದರಿಂದ ಅವಳು ಬೇಕೆನಿಸಿದಷ್ಟು ಹೊತ್ತು ಕೂತಳು. ಆಮೇಲೆ ಎದ್ದು, ಪ್ಯಾಂಟಿನ ಧೂಳು ಕೊಡವಿ, ಕಿಕ್ಕಿಗೆ ಕಾಲಿಟ್ಟಳು. ಗಾಡಿ ಏಳಲಿಲ್ಲ. ಅವಳು ಮತ್ತೆ ಕಾಲಿಟ್ಟಳು.